ಸಹಿ ಅಸಲಿ, ಚೆಂಡು?

1968ರ ಆಗಸ್ಟ್ 31. ವೇಲ್ಸ್‌ನ ಸ್ವಾನ್ಸಿ ಊರಿನ ಸೇಂಟ್ ಹೆಲೆನ್ಸ್ ಮೈದಾನದಲ್ಲಿ ಗ್ಲಾಮೊರ್ಗನ್ ಮತ್ತು ನಾಟಿಂಗ್‌ಹ್ಯಾಮ್‌ಶೈರ್ ನಡುವೆ ಕೌಂಟಿ ಪಂದ್ಯ. ಮಾಮೂಲಿಯಾಗಿ ಮಧ್ಯಮ ವೇಗದಲ್ಲಿ ಬೌಲ್ ಮಾಡುತ್ತಿದ್ದ ಎಡಗೈ ಬೌಲರ್ ಮಾಲ್ಕಂ ನ್ಯಾಷ್ ಅಂದು ಸ್ಪಿನ್ ಪ್ರಯೋಗಕ್ಕೆ ಇಳಿದಿದ್ದರು. ಎದುರಿಗೆ ಗ್ಯಾರಿ ಸೋಬರ್ಸ್. ಆರು ಎಸೆತ, ಆರು ಸಿಕ್ಸರ್. ಐದನೆಯದನ್ನು ಬೌಂಡರಿ ಬಳಿ ರೋಜರ್ ಡೇವಿಸ್ ಹಿಡಿದೇ ಬಿಟ್ಟಿದ್ದರು, ಆದರೆ ಚೆಂಡಿನ ಸಮೇತ ಗೆರೆಯಾಚೆ ಉರುಳಿದರು. ಆರನೆಯದು ಮೈದಾನವನ್ನೇ ದಾಟಿ ಬೀದಿಗೆ ಹೋಗಿ ಬಿತ್ತು. ಪ್ರಥಮ ದರ್ಜೆ ಕ್ರಿಕೆಟ್‌ನಲ್ಲಿ ಅದಕ್ಕೂ ಮೊದಲು ಯಾರೂ ಹಾಗೆ ಹೊಡೆದಿರಲಿಲ್ಲ. ನಮ್ಮ ರವಿ ಶಾಸ್ತ್ರಿ ಆ ಸಾಲಿಗೆ ಸೇರಿದ್ದು 1985ರಲ್ಲಿ. ಪುಣ್ಯಕ್ಕೆ ಅಂದು ಬಿಬಿಸಿಯ ಕ್ಯಾಮೆರಾ ಅಲ್ಲಿತ್ತು.

ಅದೇ ಓವರ್‌ನ ಚೆಂಡು ಎಂಬ ಹೆಸರಿನಲ್ಲಿ ಒಂದು ಚೆಂಡು 2006ರಲ್ಲಿ ಕ್ರಿಸ್ಟೀಸ್ ಹರಾಜಿಗೆ ಬಂತು. 26,400 ಪೌಂಡ್‌ಗೆ ಹೋಯಿತು. ಕೊಂಡವರು ಭಾರತೀಯರು. ಜೊತೆಯಲ್ಲಿ ಸೋಬರ್ಸ್ ಅವರೇ ಸಹಿ ಹಾಕಿದ ಪ್ರಮಾಣಪತ್ರ. ಇನ್ನೇನು ಬೇಕು?

ಚೆಂಡನ್ನು ಒಮ್ಮೆ ತಿರುಗಿಸಿ ನೋಡಬೇಕಿತ್ತು. ಅದರ ಮೇಲಿದ್ದದ್ದು ಡ್ಯೂಕ್ ಕಂಪನಿಯ ಮುದ್ರೆ. ತಾನು ಎಸೆದದ್ದು ಸ್ಟುವರ್ಟ್ ಸರ್ರಿಜ್ ಕಂಪನಿಯ ಚೆಂಡು ಎಂಬುದು ನ್ಯಾಷ್ ಅವರ ಮಾತು. ಆ ಓವರ್‌ನಲ್ಲಿ ಮೂರು ಚೆಂಡು ಬಳಸಲಾಗಿತ್ತು, ಇದು ಅವುಗಳಲ್ಲೊಂದು ಎಂಬ ವಿವರಣೆಯೂ ಇತ್ತು. ಬಿಬಿಸಿ ಚಿತ್ರದಲ್ಲಿ ಕಾಣುವುದು ಒಂದೇ ಚೆಂಡು. ಗ್ರಹಾಂ ಲಾಯ್ಡ್ ಎಂಬ ಪತ್ರಕರ್ತ ಇದರ ಬೆನ್ನುಹತ್ತಿ ಒಂದು ಪುಸ್ತಕವನ್ನೇ ಬರೆದರು. 2012ರಲ್ಲಿ ಬೊನಾಮ್ಸ್ ಸಂಸ್ಥೆ ಇದೇ ಚೆಂಡನ್ನು ಮತ್ತೆ ಹರಾಜಿಗಿಡಲು ಹೊರಟು, ಅನುಮಾನಗಳೆದ್ದ ಮೇಲೆ ಹಿಂದಕ್ಕೆ ಪಡೆಯಿತು.

ಸೋಬರ್ಸ್ ಸುಳ್ಳು ಹೇಳಿದರು ಎನ್ನಲು ಯಾವ ಕಾರಣವೂ ಇಲ್ಲ. ಸಿಕ್ಸರ್ ಎತ್ತುವವರು ಚೆಂಡಿನ ಮೇಲಿನ ಕಂಪನಿ ಹೆಸರು ಓದುತ್ತ ನಿಲ್ಲುವುದಿಲ್ಲ. ಅದನ್ನು ಕೈಯಲ್ಲಿ ಹಿಡಿದು, ಪ್ಯಾಂಟಿಗೆ ಉಜ್ಜಿ, ಹೊಲಿಗೆಯ ಮೇಲೆ ಬೆರಳಿಡುವುದು ಬೌಲರ್. ಹಾಗಾಗಿ ಈ ವಿಷಯದಲ್ಲಿ ಹೊಡೆಸಿಕೊಂಡವರ ಸಾಕ್ಷಿಯೇ ಹೆಚ್ಚು ತೂಕದ್ದು. ಆದರೆ ಹರಾಜಿನಲ್ಲಿ ಬೆಲೆ ಬರುವುದು ಹೊಡೆದವರ ಸಹಿಗೆ.

ಆ ಸಹಿಯನ್ನಾದರೂ ನಂಬಬಹುದೇ? ಅಮೆರಿಕದ ಬೇಸ್‌ಬಾಲ್ ದಿಗ್ಗಜ ಟೋನಿ ಗ್ವಿನ್ ತಮ್ಮದೇ ತಂಡ ಸ್ಯಾನ್ ಡಿಯಾಗೊ ಪ್ಯಾಡ್ರೆಸ್‌ನ ಅಂಗಡಿಯಲ್ಲಿ, ತಾವು ಎಂದೂ ಹಾಕದ ತಮ್ಮ ಸಹಿಗಳನ್ನು ಕಂಡರು. ಎಫ್‌ಬಿಐ ನಡೆಸಿದ ‘ಆಪರೇಷನ್ ಬುಲ್‌ಪೆನ್’ ತನಿಖೆ 1999ರ ಅಕ್ಟೋಬರ್‌ನಲ್ಲಿ ದೊಡ್ಡ ದಾಳಿಗೆ ತಿರುಗಿದಾಗ ಸಿಕ್ಕಿದ್ದು ನಕಲಿ ಸಹಿಗಳ ಒಂದು ಕಾರ್ಖಾನೆಯೇ. ಮದರ್ ತೆರೇಸಾ ಸಹಿ ಮಾಡಿದ ಬೇಸ್‌ಬಾಲ್‌ಗಳೂ ಅಲ್ಲಿದ್ದವು! ಅವುಗಳಿಗೂ ಕೊಳ್ಳುವವರಿದ್ದಾರೆ ಎಂಬ ಧೈರ್ಯ ಖದೀಮರಿಗೆ ಇದ್ದಿರಲೇಬೇಕು.

ಬೆಂಗಳೂರಿನ ಹೊರವಲಯದಲ್ಲಿ ಒಂದು ಸೈಟು ಕೊಳ್ಳಲು ಹೊರಟವರು ಇಸಿ ತೆಗೆಸುತ್ತಾರೆ, ಮೂಲಪತ್ರಗಳನ್ನು ವಕೀಲರಿಗೆ ತೋರಿಸುತ್ತಾರೆ, ಹಿಂದಿನ ಮಾಲೀಕರು ಯಾರ್‍ಯಾರೆಂದು ಕೆದಕುತ್ತಾರೆ. ಅದೇ ಬೆಲೆಯ ಬ್ಯಾಟು, ಅಂಗಿ, ಚೆಂಡಿನ ಮುಂದೆ ಆ ವಿವೇಕವೆಲ್ಲ ಎಲ್ಲಿ ಹೋಗುತ್ತದೋ. ಕತೆ ನಿಜವಾಗಿರಲಿ ಎಂಬ ಆಸೆ ಮಾರುವವರಿಗಿಂತ ಕೊಳ್ಳುವವರಿಗೇ ಹೆಚ್ಚು.

ಪರೀಕ್ಷೆ ಸಾಧ್ಯವಿಲ್ಲವೇ ಎಂದರೆ, ಖಂಡಿತ ಸಾಧ್ಯ. 1986ರ ಫುಟ್‌ಬಾಲ್ ವಿಶ್ವಕಪ್ ಕ್ವಾರ್ಟರ್ ಫೈನಲ್‌ನಲ್ಲಿ ಇಂಗ್ಲೆಂಡ್ ವಿರುದ್ಧ ಎರಡು ಗೋಲು ಹೊಡೆದ ಮರಡೋನಾ ತೊಟ್ಟಿದ್ದ ನೀಲಿ ಅಂಗಿಯ ಕತೆ ನೋಡಿ. ಮೆಕ್ಸಿಕೊದ ಬಿಸಿಲಿಗೆ ದಪ್ಪ ಬಟ್ಟೆ ಬೇಡವೆಂದು ಅರ್ಜೆಂಟೀನಾ ತಂಡದವರು ಊರಿನ ಅಂಗಡಿಯಿಂದ ತೆಳು ಅಂಗಿಗಳನ್ನು ತರಿಸಿ, ಅಮೆರಿಕನ್ ಫುಟ್‌ಬಾಲಿನ ಹೊಳೆಯುವ ಬೆಳ್ಳಿ ಬಣ್ಣದ ಅಂಕಿಗಳನ್ನು ಇಸ್ತ್ರಿ ಹಾಕಿ ಅಂಟಿಸಿದ್ದರು. ಪಂದ್ಯದ ನಂತರ ಮರಡೋನಾ ಜೊತೆ ಅಂಗಿ ಬದಲಿಸಿಕೊಂಡವರು ಇಂಗ್ಲೆಂಡಿನ ಸ್ಟೀವ್ ಹಾಡ್ಜ್. 2022ರಲ್ಲಿ ಅದು ಸೋದಬೀಸ್‌ನಲ್ಲಿ ಹರಾಜಿಗೆ ಬಂದಾಗ ಮರಡೋನಾ ಮಗಳು ಡಾಲ್ಮಾ ತಕರಾರು ತೆಗೆದರು: ಅದು ಮೊದಲಾರ್ಧದ ಅಂಗಿ, ಎರಡೂ ಗೋಲು ಬಂದದ್ದು ಉತ್ತರಾರ್ಧದಲ್ಲಿ. ಅವಸರದ ಆ ಇಸ್ತ್ರಿ ಕೆಲಸವೇ ಆಗ ನೆರವಿಗೆ ಬಂತು. ಕೈಯಿಂದ ಅಂಟಿಸಿದ ಅಂಕಿ, ಲಾಂಛನ ಯಾವ ಎರಡು ಅಂಗಿಯಲ್ಲೂ ಒಂದೇ ತೆರನಾಗಿ ಕೂರುವುದಿಲ್ಲ. ತಜ್ಞರು ಗೋಲಿನ ಹೊತ್ತಿನ ಚಿತ್ರಗಳೊಂದಿಗೆ ತಾಳೆ ನೋಡಿ ಇದೇ ಅಂಗಿ ಎಂದರು. 71 ಲಕ್ಷ ಪೌಂಡ್‌ಗೆ ಮಾರಾಟವಾಯಿತು.

ಹಾಗೆಂದು ಎಲ್ಲ ಕತೆಯನ್ನೂ ಪ್ರಯೋಗಾಲಯಕ್ಕೆ ಕಳಿಸಬೇಕೆಂದೇನಿಲ್ಲ. ಲಾರ್ಡ್ಸ್‌ನಲ್ಲಿರುವ ಗೇಣುದ್ದವೂ ಇಲ್ಲದ ಆ್ಯಷಸ್ ಕುಡಿಕೆಯೊಳಗಿನ ಬೂದಿ ಸುಟ್ಟ ಬೈಲ್‌ನದ್ದು ಎಂಬುದು ಪ್ರಚಲಿತ ನಂಬಿಕೆ. 1882-83ರಲ್ಲಿ ಆಸ್ಟ್ರೇಲಿಯಾದಲ್ಲಿ ಅದನ್ನು ಉಡುಗೊರೆಯಾಗಿ ಪಡೆದ ಇಂಗ್ಲೆಂಡ್ ನಾಯಕ ಐವೊ ಬ್ಲೈ ಅವರ ಸೊಸೆ, ಅದು ತಮ್ಮ ಅತ್ತೆಯ ಮುಸುಕಿನ ಬಟ್ಟೆಯ ಬೂದಿ ಎಂದು 1998ರಲ್ಲಿ ಹೇಳಿ ಗೊಂದಲ ಎಬ್ಬಿಸಿದರು. ಯಾವುದಾದರೇನು? ಅದು ಮಾರಾಟಕ್ಕಿಲ್ಲ. ಬೆಲೆಚೀಟಿ ಇಲ್ಲದ ಕತೆಗಳನ್ನು ಅಜ್ಜಿಕತೆಯಷ್ಟೇ ಪ್ರೀತಿಯಿಂದ ಕೇಳಬಹುದು. ಬೆಲೆಚೀಟಿ ಅಂಟಿದ ಕೂಡಲೇ ಅದು ವ್ಯವಹಾರ. ಪುರಾವೆ ಒದಗಿಸುವ ಹೊಣೆ ಮಾರುವವರದ್ದು, ಕಮಿಷನ್ ಎಣಿಸುವ ಹರಾಜು ಸಂಸ್ಥೆಯದ್ದು. ಇಂದು ಆ ಹೊಣೆ ಲಾಯ್ಡ್‌ರಂಥವರ ಹೆಗಲಿಗೆ ಬಿದ್ದಿದೆ.

ಬುಲ್‌ಪೆನ್ ಹಗರಣದ ನಂತರ, 2001ರಲ್ಲಿ, ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್ ಒಂದು ಸರಳ ಏರ್ಪಾಟು ಮಾಡಿತು. ಪ್ರತಿ ಪಂದ್ಯಕ್ಕೂ ಒಬ್ಬ ಸಾಕ್ಷಿ. ಇವರಲ್ಲಿ ಹಲವರು ಪೊಲೀಸರು, ನಿವೃತ್ತ ಪೊಲೀಸರು. ಆಟದಿಂದ ಹೊರಬಂದ ಚೆಂಡು ತಮ್ಮ ಕಣ್ಣೆದುರೇ ಕೈ ಬದಲಿಸಿದ್ದರೆ ಮಾತ್ರ ಸಂಖ್ಯೆಯುಳ್ಳ ಹಾಲೋಗ್ರಾಂ ಅಂಟಿಸುತ್ತಾರೆ. ಕಣ್ತಪ್ಪಿದ್ದಕ್ಕೆ ಚೀಟಿಯಿಲ್ಲ, ಕೇಳಿದವರು ಎಷ್ಟೇ ದೊಡ್ಡ ಆಟಗಾರರಾಗಿರಲಿ. ಬೇಸ್‌ಬಾಲಿನಲ್ಲಿ ಒಂದೇ ಪಂದ್ಯಕ್ಕೆ ಡಜನ್‌ಗಟ್ಟಲೆ ಚೆಂಡು ಖರ್ಚಾಗುತ್ತವೆ, ಆದರೂ ನಿಭಾಯಿಸುತ್ತಿದ್ದಾರೆ. ಟಿ20ಯಲ್ಲಿ ಕಳೆದುಹೋಗದಿದ್ದರೆ ಸಾಮಾನ್ಯವಾಗಿ ಇಡೀ ಇನಿಂಗ್ಸ್‌ಗೆ ಒಂದೇ ಚೆಂಡು ಸಾಕು, ಅದು ಕೊನೆಗೆ ಸೇರುವುದೂ ಅಂಪೈರ್ ಕೈಯನ್ನೇ. ಅಲ್ಲೇ ಅದಕ್ಕೊಂದು ಸಂಖ್ಯೆ ಅಂಟಿಸಲು ಎಷ್ಟು ನಿಮಿಷ ಬೇಕಾದೀತು?