ಮೇಗುತಿ ಬೆಟ್ಟವನ್ನೂ ಹತ್ತಿ ಬನ್ನಿ

ವೆಸ್ಟ್ ಕೊವಿನಾದ ನಮ್ಮ ಮನೆಯಿಂದ ಹಸಿಯೆಂಡ ಹೈಟ್ಸ್ ಗುಡ್ಡದ ಶಿ ಲಾಯ್ ಬೌದ್ಧ ದೇವಾಲಯಕ್ಕೆ ಕಾರಿನಲ್ಲಿ ಸುಮಾರು ಕಾಲು ಗಂಟೆಯ ಹಾದಿ. 1988ರಲ್ಲಿ ಕಟ್ಟಿ ಮುಗಿಸಿದ ಈ ದೇವಾಲಯದ ಹೆಸರಿಗೆ ‘ಪಶ್ಚಿಮಕ್ಕೆ ಬರುವುದು’ ಎಂದು ಅರ್ಥ. ಊರಿನಿಂದ ಬಂದ ನೆಂಟರನ್ನೆಲ್ಲ ಅಲ್ಲಿಗೆ ಕರೆದೊಯ್ಯುವುದು ನಮ್ಮ ವಾಡಿಕೆ. ಇದನ್ನು ನೋಡುತ್ತ ಬೆಳೆದ ನಮ್ಮ ಹತ್ತು ವರ್ಷದ ಮಗ ಬುದ್ಧನನ್ನು ಚೀನಾದವನೆಂದೇ ತಿಳಿದಿದ್ದ. ತಿದ್ದಿ ಹೇಳಿದೆವು. “ಹಾಗಾದರೆ ನಮ್ಮ ಕನ್ನಡದವರು ಬುದ್ಧನಿಗೆ ಒಂದು ಗುಡಿಯನ್ನೂ ಕಟ್ಟಲಿಲ್ಲವೇ?” ಎಂದು ಕೇಳಿಬಿಟ್ಟ. ಡಾಕ್ಟರೇಟ್ ಪಡೆದ ನಮ್ಮ ಬಳಿ ಉತ್ತರವಿರಲಿಲ್ಲ!

ಉತ್ತರ ಸಿಕ್ಕಿದ್ದು ಕಳೆದ ಬಾರಿ ಊರಿಗೆ ಹೋದಾಗ, ಐಹೊಳೆಯಲ್ಲಿ. ಹಿಂದೆ ಎರಡು ಸಲ ಹೋಗಿದ್ದರೂ ದುರ್ಗಾ ದೇವಾಲಯದ ಮುಂದೆ ಫೋಟೋ ತೆಗೆಸಿಕೊಂಡು ಪಟ್ಟದಕಲ್ಲಿಗೆ ಓಡಿದ್ದೆವು. ಈ ಸಲವೂ ಡ್ರೈವರು, “ಬೆಟ್ಟದ ಮ್ಯಾಲೆ ಏನೈತ್ರೀ ಸಾಹೇಬ್ರ, ಬರೇ ಕಲ್ಲು” ಎಂದ. ಮಗ ಕೇಳಲಿಲ್ಲ, ಹತ್ತಿಯೇ ಬಿಟ್ಟ.

ಮೇಗುತಿ ಬೆಟ್ಟದ ತುದಿ ತಲುಪುವ ಮೊದಲೇ, ಬಂಡೆಗೆ ಒರಗಿಕೊಂಡಂತೆ ಎರಡು ಅಂತಸ್ತಿನ ಬೌದ್ಧಾಲಯವಿದೆ. ಮುಂದೆ ಕಂಬಗಳ ಪಡಸಾಲೆ. ಹಿಂಭಾಗದಲ್ಲಿ ಒಂದಷ್ಟು ಬಂಡೆಯನ್ನೇ ಕೊರೆದದ್ದು. ಮೇಲಂತಸ್ತಿನ ಪಡಸಾಲೆಯ ಸೂರಿನಲ್ಲಿ ಕುಳಿತ ಬುದ್ಧನ ಕೆತ್ತನೆ. ವಿದ್ವಾಂಸರ ಎಣಿಕೆಯಂತೆ ಸುಮಾರು ಆರನೆಯ ಶತಮಾನದ ಕೆಲಸ. “ಹೇಗೆ ಕೊರೆದರು?” ಎಂದ ಮಗನಿಗೆ ನಮ್ಮ ವೃತ್ತಿಯ ಪಾಠವನ್ನೂ ಹೇಳಿದೆವು: ಇದು ಮರಳುಗಲ್ಲು, ಹಂಪಿಯ ಗ್ರಾನೈಟಿಗಿಂತ ಉಳಿಗೆ ಸುಲಭವಾಗಿ ಬಗ್ಗುತ್ತದೆ, ಈ ಕೆಂಪು ಕಬ್ಬಿಣದ ಆಕ್ಸೈಡಿನದು, ಅಂದರೆ ತುಕ್ಕಿನ ಬಳಗದ್ದು.

ಬೆಟ್ಟದ ನೆತ್ತಿಯ ಮೇಲೆ ಜೈನ ಬಸದಿ. ಅದರ ಗೋಡೆಯಲ್ಲಿ ಕ್ರಿ.ಶ. 634ರ ರವಿಕೀರ್ತಿಯ ಶಾಸನ, ಇಮ್ಮಡಿ ಪುಲಿಕೇಶಿಯ ಪ್ರಶಸ್ತಿ. ಅದೇ ಊರಿನಲ್ಲಿ ಬಂಡೆ ಕೊರೆದು ಮಾಡಿದ ರಾವಣಫಡಿ ಶೈವ ಗುಹೆಯೂ ಇದೆ. ಪುಲಿಕೇಶಿಯ ಕಾಲದಲ್ಲೇ ಭಾರತಕ್ಕೆ ಬಂದ ಚೀನಾದ ಯಾತ್ರಿಕ ಹ್ಯುಯೆನ್ ತ್ಸಾಂಗ್ ಆ ದೊರೆಯ ನಾಡನ್ನೂ ಅಲ್ಲಿನ ಬೌದ್ಧ ವಿಹಾರಗಳನ್ನೂ ಕುರಿತು ಬರೆದಿದ್ದಾನೆ. ಬುದ್ಧನನ್ನು ಅರಸಿ ಅವರು ನಮ್ಮ ಕಡೆಗೆ ಬಂದಿದ್ದರು. ನಾವಾದರೋ ಇಲ್ಲಿ ಅವರ ಗುಡಿಗೆ ಹೋಗಿ ಬುದ್ಧನ ಪರಿಚಯ ಮಾಡಿಕೊಳ್ಳುತ್ತಿದ್ದೇವೆ. ಹಿತ್ತಲ ಗಿಡ ಮದ್ದಲ್ಲ ಎನ್ನುವುದು ಇದಕ್ಕೇ ಇರಬೇಕು.

“ಪೂಜೆಯಿಲ್ಲದ ಗುಡಿಯಲ್ಲಿ ನೋಡುವುದೇನು?” ಎಂದು ಸ್ನೇಹಿತರೊಬ್ಬರು ಕೇಳಿದರು. ಪೂಜೆ ನಿಂತಿರಬಹುದು, ಹಾಗೆಂದು ಅದು ನಮ್ಮದಲ್ಲವೆಂದು ಆಗುವುದಿಲ್ಲ. ಇಲ್ಲಿ ಮಕ್ಕಳಿಗೆ ನಾವು ಕಲಿಸುವ ಕರ್ನಾಟಕ ನಮ್ಮ ನಮ್ಮ ಮನೆಯ ದೇವರ ಕೋಣೆಯಷ್ಟೇ ಆಗಿಬಿಟ್ಟಿದೆ. ಅಶೋಕನೆಂಬ ಹೆಸರನ್ನೇ ಹೊತ್ತ ಮಸ್ಕಿಯ ಶಾಸನ 1915ರಲ್ಲಿ ದೊರೆತದ್ದು, ಸನ್ನತಿಯ ಬಳಿ ಕನಗನಹಳ್ಳಿಯಲ್ಲಿ ದೊಡ್ಡ ಸ್ತೂಪ ಸಿಕ್ಕಿದ್ದು, ಇವು ನಮ್ಮ ಎಷ್ಟು ಮಕ್ಕಳಿಗೆ ಗೊತ್ತು? ಮಕ್ಕಳಿರಲಿ, ನಮಗೇ ಎಷ್ಟು ಗೊತ್ತಿತ್ತು?

ಆದ್ದರಿಂದ ಸಂಘದ ಬಂಧುಗಳಲ್ಲಿ ನಮ್ಮ ಸೂಚನೆ ಇಷ್ಟೇ. ಮಕ್ಕಳ ಕನ್ನಡ ತರಗತಿಯಲ್ಲಿ ಈ ಸ್ಥಳಗಳಿಗೂ ಒಂದು ದಿನ ಮೀಸಲಾಗಲಿ. ಊರಿಗೆ ಹೋದವರು ಐಹೊಳೆಗೆ ಅರ್ಧ ದಿನ ಹೆಚ್ಚು ಇಟ್ಟುಕೊಳ್ಳಿ. ಬಿಸಿಲೇರುವ ಮೊದಲೇ ಹತ್ತಿ. ಕುಡಿಯುವ ನೀರು ಜೊತೆಯಲ್ಲಿರಲಿ. ಡ್ರೈವರು ಏನೇ ಹೇಳಲಿ, ಮಕ್ಕಳನ್ನು ಮುಂದೆ ಬಿಡಿ.