ಏಳು ಮೆಟ್ಟಿಲು ಮೇಲೆ ದೇವರು, ಏಳು ಮೆಟ್ಟಿಲು ಕೆಳಗೆ ಊಟ

ಮೂವತ್ತು ಮೂವತ್ತೈದು ವರ್ಷ ಮುಂಬಯಿಯ ಲೋಕಲ್ ಗಾಡಿಗಳಲ್ಲಿ ಜೋತಾಡಿ, ಕೊನೆಗೆ ಪ್ರಾವಿಡೆಂಟ್ ಫಂಡಿನ ಹಣ ಕೈಗೆ ಬಂದಾಗ ನಮ್ಮವರಿಗೆ ಊರಿನ ನಿವೇಶನ ನೆನಪಾಗುತ್ತದೆ. ಬೆಂಗಳೂರಿನಲ್ಲೋ ಮೈಸೂರಿನಲ್ಲೋ 30×40ರ ಜಾಗ. ಅದರಲ್ಲಿ ಉಳಿದ ಆಯುಷ್ಯವನ್ನು ಕಳೆಯುವ ಮನೆ. ಕಳೆದ ಒಂದು ವರ್ಷದಲ್ಲಿ ಸಂಘದ ವಾಚನಾಲಯದ ಮೇಜಿನ ಮೇಲೆ ಅಂಥ ಮೂರು ನಕಾಶೆಗಳನ್ನು ಮಿತ್ರರು ನಮ್ಮ ಮುಂದೆ ಬಿಡಿಸಿದರು. ಮೂರೂ ‘ಸ್ಪ್ಲಿಟ್ ಲೆವೆಲ್’! ಬಾಯಿಮಾತಿಗೆ ‘ಚೆನ್ನಾಗಿದೆ’ ಎಂದು ಚಹಾ ಕುಡಿದು ಎದ್ದು ಬಂದೆವು. ಆ ತಪ್ಪನ್ನು ಈಗ ತಿದ್ದಿಕೊಳ್ಳುತ್ತಿದ್ದೇವೆ.

ತಿಳಿಯದವರಿಗಾಗಿ ಒಂದು ಮಾತು. ಮಹಡಿಯ ಮೇಲೆ ಮಹಡಿ ಕಟ್ಟುವ ಬದಲು ಮನೆಯ ಒಂದು ಭಾಗವನ್ನು ಇನ್ನೊಂದಕ್ಕಿಂತ ಅರ್ಧ ಮಹಡಿಯಷ್ಟು, ಅಂದರೆ ನಾಲ್ಕು ಅಡಿಯ ಆಸುಪಾಸು, ಎತ್ತರಿಸುವುದೇ ಈ ಪದ್ಧತಿ. ಹಜಾರದಿಂದ ಏಳು ಮೆಟ್ಟಿಲು ಇಳಿದರೆ ಅಡಿಗೆಮನೆ, ಊಟದ ಮನೆ. ಏಳು ಹತ್ತಿದರೆ ದೇವರ ಮನೆ, ಮಲಗುವ ಕೋಣೆ. ಇನ್ನೂ ಏಳು ಹತ್ತಿದರೆ ಮಕ್ಕಳ ಕೋಣೆ.

ಇದರಲ್ಲಿ ಗುಣವೇ ಇಲ್ಲವೆಂದು ನಾವು ಹೇಳುವುದಿಲ್ಲ. ಇಕ್ಕಟ್ಟಿನ ಜಾಗದಲ್ಲೂ ಮನೆ ವಿಶಾಲವಾಗಿ ಕಾಣುತ್ತದೆ. ಗೋಡೆಯಿಲ್ಲದೆಯೇ ಕೋಣೆಗಳು ಬೇರೆಬೇರೆಯಾಗುತ್ತವೆ, ಬಿಸಿಗಾಳಿ ಮೇಲೇರಿ ಹೊರಹೋಗುತ್ತದೆ. ಇನ್ನು ಮಣಿಪಾಲದಲ್ಲೋ ಮಡಿಕೇರಿಯಲ್ಲೋ ಇಳಿಜಾರಿನ ನಿವೇಶನವಿದ್ದರೆ ಇದಕ್ಕಿಂತ ಜಾಣತನದ ಮನೆ ಇನ್ನೊಂದಿಲ್ಲ. ಗುಡ್ಡವನ್ನು ಕಡಿದು ಸಮ ಮಾಡುವ ಖರ್ಚಿಲ್ಲ. ಕಡಿದ ಬರೆ ಮಳೆಗಾಲದಲ್ಲಿ ಎಲ್ಲಿ ಹಿತ್ತಿಲಿಗೆ ಜರಿದೀತೋ ಎಂಬ ಭಯವೂ ಕಡಿಮೆ. ನಮ್ಮ ಮುಂಬಯಿಯಲ್ಲೇ ಚಾರ್ಲ್ಸ್ ಕೊರಿಯಾ ಅವರು 1983ರಲ್ಲಿ ಮುಗಿಸಿದ ‘ಕಾಂಚನಜುಂಗಾ’ದ ಫ್ಲಾಟುಗಳ ಒಳಗೆ ಎತ್ತರ ತಗ್ಗುಗಳಿವೆ. ಸಮುದ್ರದ ಗಾಳಿ ಪಶ್ಚಿಮದಿಂದ. ಸಂಜೆಯ ಬಿಸಿಲೂ ಮಳೆಯ ಇರಚಲೂ ಅದೇ ಪಶ್ಚಿಮದಿಂದ. ಗಾಳಿಯನ್ನು ಬಿಟ್ಟುಕೊಂಡು ಉಳಿದೆರಡನ್ನು ತಡೆಯಲೆಂದು ಎರಡು ಅಂತಸ್ತು ಎತ್ತರದ ಮೊಗಸಾಲೆಗಳನ್ನು ಅಲ್ಲಿ ಜೋಡಿಸಿದರು. ಅಂಥ ಕಾರಣವಿದ್ದಲ್ಲಿ ನಮ್ಮ ತಕರಾರಿಲ್ಲ.

ಆದರೆ ಅಂಗೈಯಂಥ ಸಮತಟ್ಟು ಜಾಗದಲ್ಲಿ? ಅಮೆರಿಕದಲ್ಲಿ 1950ರ ದಶಕದ ಹೊಸ ಬಡಾವಣೆಗಳಲ್ಲಿ ಇಂಥ ಮನೆಗಳು ಬೆಳೆದವು. ಇಳಿಜಾರಿಗೆ ಒಪ್ಪುವ ಈ ಮಾದರಿಯನ್ನು ಸಮತಟ್ಟು ನೆಲದ ಮೇಲೂ ಕಟ್ಟಿದರು. ನಾವೂ ಹಾಗೆಯೇ ಮಾಡಹೊರಟಿದ್ದೇವೆ. ಇಳಿಜಾರಿಲ್ಲದಿದ್ದರೆ ನೆಲವನ್ನು ಅಗೆದು ತಗ್ಗು ಮಾಡಬೇಕು. ನಮ್ಮ ನಗರಗಳಲ್ಲಿ ಹಳೆಯ ಡಾಂಬರನ್ನು ಕೀಳದೆ ಅದರ ಮೇಲೆಯೇ ಹೊಸದನ್ನು ಹಾಕುವುದು ರೂಢಿ. ಹತ್ತು ವರ್ಷದಲ್ಲಿ ರಸ್ತೆ ಮೇಲೇರುತ್ತದೆ, ತಗ್ಗಿನ ಕೋಣೆ ಇದ್ದಲ್ಲೇ ಇರುತ್ತದೆ. ಒಂದು ದೊಡ್ಡ ಮಳೆ ಬಂದರೆ ನೀರು ಯಾವ ಕಡೆ ಹರಿಯುತ್ತದೆಂದು ಎಂಜಿನಿಯರರನ್ನು ಕೇಳಬೇಕಾಗಿಲ್ಲ.

ನೀರನ್ನು ಪಂಪು ಹಾಕಿ ಹೊರಹಾಕಬಹುದು, ವಯಸ್ಸನ್ನು ಹಾಕಲಾಗುವುದಿಲ್ಲ. ನಮಗೆ ಆಪ್ತರಾದ ದಂಪತಿಗಳು ನಿವೃತ್ತರಾದ ಮೇಲೆ ಬೆಂಗಳೂರಿನಲ್ಲಿ ಇಂಥದೇ ಮನೆ ಕಟ್ಟಿಸಿದರು. ಗೃಹಪ್ರವೇಶಕ್ಕೆ ಹೋದ ನಾವೆಲ್ಲ ಹೊಗಳಿದ್ದೇ ಹೊಗಳಿದ್ದು. ಆರನೆಯ ವರ್ಷ ಆ ತಾಯಿಗೆ ಮಂಡಿಯ ಶಸ್ತ್ರಚಿಕಿತ್ಸೆ ಆಯಿತು. ಈಗ ಅವರ ಮಂಚ ಹಜಾರದಲ್ಲಿದೆ. ಬಂದವರೆಲ್ಲರ ಕಣ್ಣಮುಂದೆ ಮಲಗಬೇಕು. ಊಟದ ತಟ್ಟೆ ಕೆಳಗಿನಿಂದ ಮೇಲೆ ಬರುತ್ತದೆ. ದೇವರ ಮನೆಗೆ ಅವರು ಹೋಗಿ ವರ್ಷವಾಯಿತು. ಯಜಮಾನರು ಮಂಗಳಾರತಿಯನ್ನು ಇಳಿಸಿಕೊಂಡು ಬಂದು ತೋರಿಸುತ್ತಾರೆ. ಕಳೆದ ಸಲ ನಾವು ಹೋದಾಗ ಆಕೆ, “ನಮ್ಮ ಮಾಟುಂಗಾದ ಒಂದೂವರೆ ಕೋಣೆಯಲ್ಲಿ ಗೋಡೆ ಹಿಡಿದಾದರೂ ಎಲ್ಲ ಕಡೆ ಓಡಾಡುತ್ತಿದ್ದೆನಪ್ಪಾ” ಅಂದರು. ಯಜಮಾನರು ಕಿಟಕಿಯ ಕಡೆ ತಿರುಗಿ ಕೂತರು.

ಗಾಲಿಕುರ್ಚಿಗೆ ಇಳಿಜಾರು ಹಾದಿ ಮಾಡಿಸಬಾರದೇ ಎಂದು ಕೇಳುವವರು ಲೆಕ್ಕ ಹಾಕಲಿ. ಒಂದು ಅಡಿ ಏರಲು ಹನ್ನೆರಡು ಅಡಿ ಉದ್ದದ ಹಾದಿ ಬೇಕೆಂಬುದು ಎಲ್ಲರೂ ಒಪ್ಪಿದ ನಿಯಮ. ಏಳಂಗುಲದ ಏಳು ಮೆಟ್ಟಿಲಿಗೆ 49 ಅಂಗುಲ. ಹಾದಿಯ ಉದ್ದ 49 ಅಡಿ. ನಿವೇಶನವೇ 40 ಅಡಿ! ಲಿಫ್ಟು ಹಾಕೋಣವೆಂದರೆ ಪ್ರತಿ ಅರ್ಧ ಮಹಡಿಗೂ ಅದು ನಿಲ್ಲಬೇಕು. ಒಮ್ಮೆ ಈ ಕಡೆಗೆ, ಒಮ್ಮೆ ಆ ಕಡೆಗೆ ಬಾಗಿಲು ತೆರೆಯಬೇಕು. ಹಣವಿದ್ದವರ ಮಾತು ಬೇರೆ.

‘ಹತ್ತಿಳಿದರೆ ವ್ಯಾಯಾಮ’ ಎಂಬ ವಾದವನ್ನೂ ಕೇಳಿದ್ದೇವೆ. ವ್ಯಾಯಾಮ ಬೇಡವಾದ ದಿನ ಬಿಡಬಹುದು, ಬಚ್ಚಲಿಗೆ ಹೋಗುವುದನ್ನು ಬಿಡಲಾದೀತೇ? ನಮ್ಮಲ್ಲನೇಕರು ಚಾಳಿನ ಖೋಲಿಯಲ್ಲಿ ಪೋಟಮಾಳಾ ಹಾಕಿ ಏಣಿ ಹತ್ತಿ ಮಲಗಿದವರೇ. ಆಗ ವಯಸ್ಸು ಇಪ್ಪತ್ತೈದು, ಜಾಗವೂ ಇರಲಿಲ್ಲ.

ಹಿರಿಯರ ಮನೆಗಳಲ್ಲೂ ಎತ್ತರ ತಗ್ಗು ಇರಲಿಲ್ಲವೇ ಎಂದು ಧಾರವಾಡದ ಕಡೆಯ ಮಿತ್ರರೊಬ್ಬರು ಕೇಳಿದರು. ಇತ್ತು. ಆ ಕಡೆಯ ಹಳೆಯ ಮನೆಗಳಲ್ಲಿ ತಲೆಬಾಗಿಲು ದಾಟಿದೊಡನೆ ದನ ಕಟ್ಟುವ ತಗ್ಗು, ಅದರಾಚೆ ಎತ್ತರದಲ್ಲಿ ಪಡಸಾಲೆ. ಗಂಜಲ ಮನೆಯೊಳಕ್ಕೆ ಹರಿಯಬಾರದು, ರಾತ್ರಿ ದನದ ಮೇಲೆ ಕಣ್ಣಿರಬೇಕು. ಒಮ್ಮೆ ಪಡಸಾಲೆ ಹತ್ತಿದ ಮುದುಕಿಗೆ ಅಡಿಗೆ, ದೇವರು, ಹಾಸಿಗೆ ಎಲ್ಲವೂ ಬಹುಮಟ್ಟಿಗೆ ಒಂದೇ ನೆಲದಲ್ಲಿ. ಎತ್ತು ಎಮ್ಮೆಗಳಿಗೂ ಮನುಷ್ಯರಿಗೂ ನಡುವೆ ಅವರು ಇಟ್ಟ ಮೆಟ್ಟಿಲನ್ನು ನಾವು ಒಲೆಗೂ ಊಟಕ್ಕೂ, ಗಂಡನಿಗೂ ಹೆಂಡತಿಗೂ ನಡುವೆ ತಂದಿಡುತ್ತಿದ್ದೇವೆ.

ನಮ್ಮ ಬೇಡಿಕೆ ದೊಡ್ಡದಲ್ಲ. ಬೀದಿಯಿಂದ ಒಳಬಂದ ಮಟ್ಟದಲ್ಲೇ ಒಂದು ಮಲಗುವ ಕೋಣೆ, ಬಚ್ಚಲು, ಅಡಿಗೆ, ದೇವರು ಇರಲಿ. ರಜೆಗೆ ಬರುವ ಮೊಮ್ಮಕ್ಕಳಿಗೆ ಮೇಲೆ ಎಷ್ಟು ಬೇಕಾದರೂ ಅರ್ಧ ಮಹಡಿಗಳಾಗಲಿ. ಆ ಮೂರು ನಕಾಶೆಗಳಲ್ಲಿ ಎರಡು ಮನೆಗಳು ಈಗಾಗಲೇ ಎದ್ದಿವೆ. ಮೂರನೆಯದಕ್ಕೆ ಇನ್ನೂ ಅಡಿಪಾಯ ಬಿದ್ದಿಲ್ಲ. ಆ ಮಿತ್ರರು ಇದನ್ನೋದಿ ನಮ್ಮ ಮೇಲೆ ಮುನಿಸಿಕೊಂಡರೂ ಚಿಂತೆಯಿಲ್ಲ, ಪಾಯ ತೋಡುವ ಮೊದಲು ನಕಾಶೆಯನ್ನು ಮನೆಯವರ ಮುಂದೆ ಬಿಡಿಸಿ ಒಮ್ಮೆ ಕೇಳಲಿ.