ಚಿರತೆ ಹಲ್ಲಿ ಸಾಕುವ ಮೊದಲು

ನಾಯಿ, ಬೆಕ್ಕು, ಬಣ್ಣದ ಮೀನುಗಳ ಸಾಲಿಗೆ ಈಗ ಹಲ್ಲಿಯೂ ಸೇರಿದೆ. ಹಳದಿ ಮೈಮೇಲೆ ಚಿರತೆಯಂತೆ ಕಪ್ಪು ಚುಕ್ಕೆಗಳುಳ್ಳ, ಗೇಣುದ್ದದ ‘ಲೆಪರ್ಡ್ ಗೆಕ್ಕೊ’ವನ್ನು ನಗರದ ಯುವಕರು ಗಾಜಿನ ಪೆಟ್ಟಿಗೆಯಲ್ಲಿಟ್ಟು ಸಾಕತೊಡಗಿದ್ದಾರೆ. ಇದು ಅಫಘಾನಿಸ್ಥಾನ, ಪಾಕಿಸ್ತಾನ ಮತ್ತು ವಾಯವ್ಯ ಭಾರತದ ಒಣ ಕಲ್ಲುನೆಲದ ಜೀವಿ.

ಹಲ್ಲಿ ಮೈಮೇಲೆ ಬಿದ್ದರೆ ಪಂಚಾಂಗ ತೆರೆದು ಫಲ ನೋಡುವ ನಮ್ಮ ಹಿರಿಯರಿಗೆ ಇದು ವಿಚಿತ್ರವೆನಿಸೀತು. ಆದರೆ ಭಯಕ್ಕೆ ಕಾರಣವಿಲ್ಲ. ಇದಕ್ಕೆ ವಿಷವಿಲ್ಲ, ಮನೆಹಲ್ಲಿಯಂತೆ ನುಣುಪು ಗೋಡೆಯನ್ನು ಏರಲಾರದು, ಕಣ್ಣಿಗೆ ಮುಚ್ಚಿ ತೆರೆಯುವ ರೆಪ್ಪೆಗಳಿವೆ. ಯೋಚಿಸಬೇಕಾದ ವಿಷಯ ಬೇರೆ: ಇದನ್ನು ನೋಡಿಕೊಳ್ಳುವವರು ಯಾರು?

ತೆಲಂಗಾಣದ ಜಹೀರಾಬಾದ್ ಬಳಿಯ ಮೊಗುಡಂಪಲ್ಲಿಯನ್ನು ತೆಗೆದುಕೊಳ್ಳೋಣ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ ಹಾಗೆಯೇ, ಹಳೆಯ ಬೀದರ್ ಜಿಲ್ಲೆಯ ಜಹೀರಾಬಾದ್, ನಾರಾಯಣಖೇಡ ಭಾಗಗಳು ಆಂಧ್ರಕ್ಕೆ ಸೇರಿದವು. ಕನ್ನಡದ ಮನೆಗಳು ಅಲ್ಲಿ ಇಂದಿಗೂ ಇವೆ. ಹೈದರಾಬಾದಿನಲ್ಲಿ ದುಡಿಯುವ ಮಗ ಹಬ್ಬಕ್ಕೆ ಬರುವಾಗ ಈ ಹಲ್ಲಿಯನ್ನು ತಂದು, ರಜೆ ಮುಗಿದೊಡನೆ ಅವ್ವನ ಬಳಿ ಬಿಟ್ಟು ಹೋದನೆನ್ನಿ. ಚೆನ್ನಾಗಿ ಸಾಕಿದರೆ ಅದು 15ರಿಂದ 20 ವರ್ಷ ಬದುಕುತ್ತದೆ. ಮಗನ ಉಮೇದು ಅಷ್ಟು ದಿನ ಉಳಿದೀತೇ? ಸಾಕುವ ಕ್ರಮ ಇಂಗ್ಲಿಷಿನಲ್ಲಿದೆ; ಆಹಾರ ಕೊಡಬೇಕಾದ ಅವ್ವನಿಗೆ ತಿಳಿದಿರುವುದು ಕನ್ನಡ. ಮೂಕಪ್ರಾಣಿ ಸಾಯುವುದು ಇಂಥ ಅಂತರದಲ್ಲಿಯೇ.

ಇದರ ಮೈಗೆ ಸ್ವಂತ ಬಿಸಿಯಿಲ್ಲ. ಪೆಟ್ಟಿಗೆಯ ಒಂದು ಬದಿಯ ನೆಲ ಸುಮಾರು 32 ಡಿಗ್ರಿ ಬೆಚ್ಚಗಿದ್ದು, ಇನ್ನೊಂದು ಬದಿ 25ರ ಆಸುಪಾಸಿನಲ್ಲಿರಬೇಕು. ಜಹೀರಾಬಾದ್ ಸೀಮೆಯಲ್ಲಿ ಬೇಸಿಗೆಯ ಬಿಸಿಲು 40 ಡಿಗ್ರಿ ದಾಟುತ್ತದೆ. ಚಳಿಗಾಲದ ರಾತ್ರಿ 10ಕ್ಕಿಂತ ಕೆಳಗಿಳಿಯುವುದೂ ಉಂಟು. ಚಳಿ ಹಿಡಿದ ಹಲ್ಲಿಗೆ ತಿಂದದ್ದು ಜೀರ್ಣವಾಗದು. ನಮ್ಮ ಕರಾವಳಿಯ ತೊಂದರೆ ಬೇರೆ. ಆಷಾಢದ ತೇವ ಪೆಟ್ಟಿಗೆಯೊಳಗೆ ನಿಂತರೆ ಉಸಿರಾಟದ ರೋಗ ತಗಲುತ್ತದೆ. ಆದರೂ ಪೊರೆ ಕಳಚಲು ಒಂದು ಮೂಲೆಯಲ್ಲಿ ಒದ್ದೆ ಪಾಚಿಯಿಟ್ಟ ಸಣ್ಣ ಗೂಡು ಬೇಕೇ ಬೇಕು.

ಇದು ಅನ್ನ, ಹಣ್ಣು, ತರಕಾರಿ ತಿನ್ನದು. ಜೀವಂತ ಹುಳುಗಳೇ ಬೇಕು. ಹುಳುಗಳಿಗೆ ಕ್ಯಾಲ್ಸಿಯಂ ಪುಡಿ ಹಚ್ಚದೆ ಕೊಟ್ಟರೆ ಎಲುಬು ಮೆದುವಾಗಿ ಕಾಲುಗಳು ಸೊಟ್ಟಗಾಗುತ್ತವೆ. ಹತ್ತಿ, ಕಬ್ಬಿನ ಹೊಲದಿಂದ ಹಿಡಿದು ತಂದ ಹುಳುಗಳಲ್ಲಿ ಕೀಟನಾಶಕವಿರಬಹುದು. ಗೇರು ತೋಟಗಳ ಮೇಲೆ ಸಿಂಪಡಿಸಿದ ಎಂಡೋಸಲ್ಫಾನಿನ ಫಲವನ್ನುಂಡ ಕಾಸರಗೋಡಿನವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಮುಟ್ಟಿದ ಮೇಲೆ ಮಕ್ಕಳು ಸೋಪಿನಿಂದ ಕೈ ತೊಳೆಯಬೇಕು. ಸಾಲ್ಮೊನೆಲ್ಲ ರೋಗಾಣು ಇದರಿಂದ ಹರಡಬಲ್ಲದು. ಎರಡು ಗಂಡುಗಳನ್ನು ಒಂದೇ ಪೆಟ್ಟಿಗೆಯಲ್ಲಿಟ್ಟರೆ ಕಾದಾಡುತ್ತವೆ.

ಬೇಸರ ಬಂತೆಂದು ಗುಡ್ಡಕ್ಕೆ ಬಿಡುವುದು ದಯೆಯಲ್ಲ. ಅದು ಅಲ್ಲಿ ಸತ್ತೀತು, ಇಲ್ಲವೇ ಊರಿನ ಜೀವಿಗಳಿಗೆ ಹೊಸ ರೋಗ ಹಚ್ಚೀತು. ಗುಡ್ಡದ ಹಲ್ಲಿಯನ್ನು ಹಿಡಿದು ತರುವುದೂ ಅಷ್ಟೇ ತಪ್ಪು. ಇದರ ಬಂಧುಗಳು ನಮ್ಮ ದೇಶದ ಕಾಡುಗಳಲ್ಲಿವೆ. ಆಂಧ್ರ–ಒಡಿಶಾ ಸೀಮೆಯ ಒಂದು ಜಾತಿಗೆ ವಿಜ್ಞಾನಿಗಳು ಹೆಸರಿಟ್ಟದ್ದು 2022ರಷ್ಟು ಈಚೆಗೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ತಂದ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಆದುದರಿಂದ ಕೊಳ್ಳುವ ಮೊದಲು ಅರಣ್ಯ ಕಚೇರಿಯಲ್ಲಿ ವಿಚಾರಿಸಿ, ಮಾರುವವನಿಂದ ರಸೀದಿ ಪಡೆಯುವುದು ಒಳ್ಳೆಯದು.

ಸಾಕಬೇಡಿರೆಂದು ಹೇಳುವುದು ನಮ್ಮ ಉದ್ದೇಶವಲ್ಲ. ಹಠ ಹಿಡಿದ ಮಗನೋ ಮಗಳೋ ಮೊದಲು ಒಂದು ಕೆಲಸ ಮಾಡಲಿ: ಬಿಸಿ ಎಷ್ಟು, ಆಹಾರ ಯಾವಾಗ, ಪುಡಿ ಯಾವುದು, ಕಾಯಿಲೆಯಾದರೆ ತೋರಿಸಬೇಕಾದ ಪಶುವೈದ್ಯರು ಯಾರು ಎಂಬುದನ್ನು ಕನ್ನಡದಲ್ಲಿ ಸ್ಪಷ್ಟವಾಗಿ ಬರೆದು, ಮನೆಯ ಹಿರಿಯರಿಗೆ ಓದಿ ಹೇಳಲಿ. ಕೇಳಿದ ಮೇಲೆ ಹಿರಿಯರು ಒಪ್ಪಿದರೆ ಹಲ್ಲಿ ಬರಲಿ. ಒಪ್ಪದಿದ್ದರೆ, ತರದಿರುವುದೇ ಆ ಪ್ರಾಣಿಗೆ ಮಾಡುವ ಉಪಕಾರ.